ನಮ್ಮ ತೋಟದ ಹಳ್ಳದ ನೀರು ಕೈ ಕೊರೀತದೆ, ಇದ್ರಲ್ಲಿ ಟ್ರೌಟ್ ಮೀನು ಬದುಕ್ತದಾ?

ಕೆಳಗಿನಮನೆ ಶಿರಸಿ
ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ದು ಮೂರು ಎಕ್ರೆ ಅಡಿಕೆ ತೋಟ, ಎರಡು ವರ್ಷದಿಂದ ಕೊಳೆ ರೋಗ ಬಂದು ಅರ್ಧಕ್ಕರ್ಧ ಉದುರಿಹೋಗಿದೆ, ಹಾಗಾಗಿ ಎರಡು ರೂಮು ಹೋಮ್‌ಸ್ಟೇ ಅಂತ ಮಾಡಿದ್ದೇವೆ. ಹೋದ ದಸರಾ ರಜೆಗೆ ಹಿಮಾಚಲಕ್ಕೆ ಹೋದಾಗ ತೀರ್ಥನ್ ಕಣಿವೇಲಿ ಟ್ರೌಟ್ ಸಾಕೋದು ನೋಡಿದೆ, ಸಿಮೆಂಟ್ ಕಾಲುವೆ ತರ ಉದ್ದಕ್ಕೆ ತೊಟ್ಟಿ, ಒಂದು ಕಡೆಯಿಂದ ಹೊಳೆ ನೀರು ಬರ್ತಾ ಇರ್ತದೆ ಇನ್ನೊಂದು ಕಡೆಯಿಂದ ಹೋಗ್ತಾ ಇರ್ತದೆ, ಮೋಟ್ರು ಇಲ್ಲ ಎಂತದೂ ಇಲ್ಲ. ನಾನು ಮೀನು ತಿನ್ನೋನಲ್ಲ, ನಮ್ಮ ಮಾಣಿ ಎರಡು ಪ್ಲೇಟ್ ತಿಂದ, ಮನೇಲಿ ಹೇಳಿಲ್ಲ ನೀವೂ ಹೇಳ್ಬೇಡಿ.

ಈಗ ವಿಷ್ಯ ಏನಂದ್ರೆ ಒಬ್ಬರು ಫೋನ್ ಮಾಡಿ ಮಲೆನಾಡಲ್ಲೂ ಟ್ರೌಟ್ ಬರ್ತದೆ, ಮರಿ ನಾವೇ ಕೊಡ್ತೇವೆ, ಬೆಳೆದ ಮೇಲೆ ನಾವೇ ತಗೊಳ್ತೇವೆ ಅಂತ ಹೇಳಿ ಅಡ್ವಾನ್ಸ್ ಕೇಳ್ತಾ ಇದ್ದಾರೆ. ನಮ್ಮ ತೋಟದ ತಲೆಯಿಂದ ಒಂದು ಹಳ್ಳ ಇಳೀತದೆ, ಬೇಸಿಗೇಲಿ ಸಣ್ಣ ಆಗ್ತದೆ ಆದ್ರೆ ನಿಲ್ಲೋದಿಲ್ಲ, ಡಿಸೆಂಬರಲ್ಲಿ ಕೈ ಇಟ್ರೆ ಮರಗಟ್ತದೆ. ಗೊತ್ತಿದ್ದೋರು ಹೇಳಿ, ದುಡ್ಡು ಹಾಕ್ಲಾ ಬೇಡ್ವಾ.

ರಾವಸ್ ಫ್ರೈ ಕಾರವಾರ
ಹೆಗಡೇರೇ (ಹೆಗಡೆ ಅಲ್ದೆ ಹೋದ್ರೆ ಭಟ್ರೇ 😄) ಅಷ್ಟು ಕಷ್ಟ ಯಾಕೆ, ಟ್ರೌಟ್ ಅಂದ್ರೆ ಸಾಲ್ಮನ್ ಜಾತಿ ಅಲ್ವಾ, ನಮ್ಮ ಕಾರವಾರ ಮಾರ್ಕೆಟಿಗೆ ಬನ್ನಿ ರಾವಸ್ ಸಿಗ್ತದೆ, ಅದೇ ಇಂಡಿಯನ್ ಸಾಲ್ಮನ್. ದೊಡ್ಡ ದೊಡ್ಡ ಹೋಟೆಲ್ ಮೆನುವಲ್ಲಿ ಹಾಗೇ ಬರೀತಾರೆ. ಗೆಸ್ಟಿಗೆ ಅದೇ ಹಾಕಿ.

ಕುಮಟೆ ಕಡೆಯವ
ಕಾರವಾರದ ಅಣ್ಣಾ, ಮೆನುವಲ್ಲಿ ಬರೆದದ್ದೆಲ್ಲ ನಿಜ ಆದ್ರೆ ನಾವು ಓದಿದ್ದು ವೇಸ್ಟು. ರಾವಸ್‌ಗೂ ಸಾಲ್ಮನ್‌ಗೂ ಸಂಬಂಧ ಇಲ್ಲ. ನಾಳೆ ಮಾರ್ಕೆಟಿಗೆ ಹೋದಾಗ ರಾವಸಿನ ಗಂಟಲ ಹತ್ರ, ಪಕ್ಕದ ರೆಕ್ಕೆ ಕೆಳಗೆ ಬೆರಳಾಡಿಸಿ ನೋಡಿ, ದಾರ ತರ ನಾಲ್ಕು ಎಳೆ ಜೋತಾಡ್ತಾ ಇರ್ತವೆ, ಆ ಕಡೆ ನಾಲ್ಕು ಈ ಕಡೆ ನಾಲ್ಕು. ಕೆಸರು ನೀರಲ್ಲಿ ಅದು ಆ ಎಳೆಯಿಂದಾನೇ ತಡಕಾಡಿ ಶೆಟ್ಲಿ (ಸೀಗಡಿ) ಹಿಡಿಯೋದು. ಬೆನ್ನ ಮೇಲೆ ದೂರ ದೂರ ಎರಡು ರೆಕ್ಕೆ. ಟ್ರೌಟಿಗೆ, ಸಾಲ್ಮನ್‌ಗೆ ಆ ಎಳೆ ಇಲ್ಲ, ಬೆನ್ನಿಗೆ ಒಂದೇ ಸರಿಯಾದ ರೆಕ್ಕೆ, ಆಮೇಲೆ ಬಾಲದ ಹತ್ರ ಒಂದು ಪುಟ್ಟ ಮಾಂಸದ ರೆಕ್ಕೆ, ಅದ್ರಲ್ಲಿ ಮುಳ್ಳಿರೋದಿಲ್ಲ, ಕಿವಿ ತುದಿ ತರ ಮೆತ್ತಗೆ. ಬ್ರಿಟಿಷರಿಗೆ ಇಲ್ಲಿ ತಮ್ಮೂರ ಮೀನು ಸಿಗದೆ ಕಂಡಕಂಡದ್ದಕ್ಕೆಲ್ಲ ಸಾಲ್ಮನ್ ಅಂತ ಕರೆದ್ರು, ನಾವು ಹಾಗೇ ಇಟ್ಕೊಂಡ್ವಿ.

ಶಿರಸಿಯವ್ರಿಗೆ: ಅಡ್ವಾನ್ಸ್ ಕೊಡಬೇಡಿ. ಮೊದ್ಲು ಒಂದು ಥರ್ಮಾಮೀಟರ್ ತಗೊಂಡು ಹಳ್ಳದ ನೀರು ಎಷ್ಟು ಡಿಗ್ರಿ ಉಂಟು ನೋಡಿ ಇಲ್ಲಿ ಹಾಕಿ. ರೇನ್‌ಬೋ ಟ್ರೌಟಿಗೆ 12ರಿಂದ 16 ಡಿಗ್ರಿ ಇದ್ರೆ ಖುಷಿ. 20 ದಾಟಿದ್ರೆ ಮೇವು ಬಿಡ್ತದೆ, 25ರ ಆಸುಪಾಸು ಹೋಗಿ ನಿಂತ್ರೆ ಸಾಯ್ತದೆ. ಮೊಟ್ಟೆಗೆ ಇನ್ನೂ ತಂಪು ಬೇಕು, 10 ಡಿಗ್ರೀಲಿ ಮರಿ ಒಡೀಲಿಕ್ಕೆ ಸುಮಾರು ಒಂದು ತಿಂಗಳು.

ಕೆಳಗಿನಮನೆ ಶಿರಸಿ
ಮನೇಲಿದ್ದ ಜ್ವರದ ಥರ್ಮಾಮೀಟರ್ ತಗೊಂಡು ಹೋಗಿ ಹಳ್ಳದಲ್ಲಿ ಅದ್ದಿದೆ. "ಲೋ" ಅಂತ ತೋರಿಸ್ತು. ಲೋ ಅಂದ್ರೆ ತಂಪು ಉಂಟು ಅಂತ ಅಲ್ವಾ?

ಕುಮಟೆ ಕಡೆಯವ
ಅಯ್ಯೋ ರಾಮಾ 😂 ಅದು 32ಕ್ಕಿಂತ ಕೆಳಗೆ ಇದ್ದದ್ದಕ್ಕೆಲ್ಲ ಲೋ ಅಂತಾನೇ ಹೇಳ್ತದೆ, ಕಾರವಾರದ ಸಮುದ್ರಕ್ಕೆ ಅದ್ದಿದ್ರೂ ಲೋ ಅನ್ನಬಹುದು. ಅಕ್ವೇರಿಯಂ ಅಂಗಡೀಲಿ ಗಾಜಿನ ಥರ್ಮಾಮೀಟರ್ ಸಿಗ್ತದೆ, ನೂರಿನ್ನೂರು ರೂಪಾಯಿ. ಬೆಳಿಗ್ಗೆ 6ಕ್ಕೆ ಒಂದ್ಸಲ ಮಧ್ಯಾಹ್ನ 3ಕ್ಕೆ ಒಂದ್ಸಲ ನೋಡಿ. ಬಾವಿ ಇದ್ರೆ ಬಾವೀದೂ ನೋಡಿ, ಯಾಕೆ ಅಂತ ಆಮೇಲೆ ಹೇಳ್ತೆ.

ಹಳೇ ಫೌಜಿ ಅಂಕೋಲಾ
ನಾನು ಹಿಮಾಚಲದ ಕುಲ್ಲು ಕಡೆಗೂ ಇದ್ದೆ, ಆಮೇಲೆ ನೀಲಗಿರಿ ವೆಲ್ಲಿಂಗ್ಟನ್‌ನಲ್ಲೂ ಇದ್ದೆ, ಹಾಗಾಗಿ ಎರಡೂ ಕಡೆ ಟ್ರೌಟ್ ನೋಡಿದ್ದೇನೆ ತಿಂದಿದ್ದೇನೆ. ಮೊದ್ಲು ಒಂದು ಮಾತು, ಈ ಮೀನು ನಮ್ಮ ದೇಶದ್ದೇ ಅಲ್ಲ. ಬ್ರೌನ್ ಟ್ರೌಟ್ ಯುರೋಪಿಂದು, ರೇನ್‌ಬೋ ಅಮೆರಿಕದ ಪೆಸಿಫಿಕ್ ಕಡೆದು. ಕಾಶ್ಮೀರಕ್ಕೆ 1900ರ ಸುಮಾರಿಗೆ ಸ್ಕಾಟ್ಲೆಂಡಿಂದ ಮೊಟ್ಟೆ ತರಿಸಿದ್ರು, ಅದ್ಕೂ ಮುಂಚೆ ತರಿಸಿದ ಮೊಟ್ಟೆ ದಾರೀಲೇ ಹಾಳಾಗಿತ್ತು. ಕುಲ್ಲುಗೆ ಬಂದದ್ದು ಆ ಕಾಶ್ಮೀರದ ಬೀಜಾನೇ. ಕುಲ್ಲು ಹತ್ರ ಪತ್ಲಿಕುಹ್ಲ್ ಅಂತ ಊರು, ಅಲ್ಲಿ ಸರ್ಕಾರಿ ಫಾರ್ಮ್ ಉಂಟು, ನಾರ್ವೆದವ್ರು ಬಂದು ರೇನ್‌ಬೋ ಸಾಕೋದು ಕಲಿಸಿ ಹೋಗಿದ್ರು.

ನೀಲಗಿರಿದು ಬೇರೆ ಕಥೆ. ಅಲ್ಲಿ 1860ರ ದಶಕದಿಂದ ಪ್ರಯತ್ನ ನಡೀತಾ ಇತ್ತು, ಮೀನಿನ ಪುಸ್ತಕ ಬರೆದ ಫ್ರಾನ್ಸಿಸ್ ಡೇ ಸಾಹೇಬ್ರೂ ಕೈ ಹಾಕಿ ಸೋತಿದ್ರು. ಕೊನೆಗೆ 1907ರಲ್ಲಿ ವಿಲ್ಸನ್ ಅನ್ನೋರು ಅವಲಾಂಚಿಯಲ್ಲಿ ಹ್ಯಾಚರಿ (ಮೊಟ್ಟೆ ಒಡೆಸಿ ಮರಿ ಮಾಡೋ ಜಾಗ) ಮಾಡಿದ ಮೇಲೆ ರೇನ್‌ಬೋ ನಿಂತಿತು. ಬ್ರೌನ್ ಅಲ್ಲಿ ನಿಲ್ಲಲಿಲ್ಲ, ರೇನ್‌ಬೋ ಸ್ವಲ್ಪ ಬಿಸಿ ತಡೀತದೆ ಅಂತ ಅಲ್ಲಿಯವ್ರು ಹೇಳ್ತಿದ್ರು. ಮುನ್ನಾರ್ ಮೇಲೆ ರಾಜಮಲೆ ಕಡೆಗೂ ಉಂಟು. ಆದ್ರೆ ಇದೆಲ್ಲ ಸಮುದ್ರಮಟ್ಟದಿಂದ 2000 ಮೀಟರ್ ಆಸುಪಾಸು ಮತ್ತು ಮೇಲೆ, ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿ ಆಗ್ತದೆ. ಶಿರಸಿ 600 ಮೀಟರೂ ಇಲ್ಲ ಮಾರಾಯ್ರೆ. ನಮ್ಮ ರಾಜ್ಯದ ಮುಳ್ಳಯ್ಯನಗಿರಿನೇ 1930.

ಇನ್ನೊಂದು, ಹಿಮಾಚಲದಲ್ಲಿ ಹೊಳೇಲಿ ಗಾಳ ಹಾಕ್ಲಿಕ್ಕೆ ಲೈಸೆನ್ಸ್ ಬೇಕು, ನವೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಬಂದ್. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಬೋಟು ಬಂದ್ ಇದ್ದಂಗೆ. ಅದು ಮೊಟ್ಟೆ ಇಡೋ ಕಾಲ. ಅಲ್ಲಿಯ ಒಬ್ಬ ಮುದುಕ ತೋರಿಸಿದ, ಹೆಣ್ಣು ಮೀನು ಮಗ್ಗುಲಾಗಿ ಬಿದ್ದು ಬಾಲದಿಂದ ಜಲ್ಲಿ ಹೊಡೆದು ಹೊಡೆದು ಗುಂಡಿ ಮಾಡ್ತದೆ, ಮೊಟ್ಟೆ ಇಟ್ಟಮೇಲೆ ಸ್ವಲ್ಪ ಮೇಲಕ್ಕೆ ಹೋಗಿ ಮತ್ತೆ ಜಲ್ಲಿ ಹೊಡೆದು ಮುಚ್ತದೆ. ಸುತ್ತಲಿನ ಕಲ್ಲೆಲ್ಲ ಪಾಚಿ ಹಿಡಿದು ಕಪ್ಪು, ಅದೊಂದು ಜಾಗ ಮಾತ್ರ ಪಾತ್ರೆ ತಿಕ್ಕಿದಂಗೆ ಬೆಳ್ಳಗೆ ಕಾಣ್ತಾ ಇತ್ತು. ಅರ್ಧ ಗಂಟೆ ನಿಂತು ನೋಡಿದೆ, ಡ್ಯೂಟಿಗೆ ಲೇಟಾಗಿ ಬೈಸಿಕೊಂಡೆ.

ಸಿದ್ದಾಪುರ ಅಡಕೆ
ಇಷ್ಟು ದಿನ ಸುಮ್ನೆ ಓದ್ತಾ ಇದ್ದೆ ಈಗ ಬಾಯಿ ಬಿಡ್ತೆ. ಎಂಗೂ ಇದೇ ತರ ಫೋನ್ ಬಂದಿತ್ತು ಹೋದ ವರ್ಷ, ಆನು ದುಡ್ಡು ಕೊಟ್ಟಾಗೋಯ್ದು. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿ ಬಂತು, ತೋಟದ ಕೆರೆಗೆ ಬಿಟ್ಟಿದ್ದಿ. ಆದ್ರೆ ನೀವೆಲ್ಲ ಹೇಳ್ತಿರೋ ಹಾಂಗೆ ಸತ್ತಿದ್ದಿಲ್ಲೆ ಮಾರಾಯ, ಚೊಲೋ ಬೆಳ್ದಿದ್ದು, ಅಂಗೈಗಿಂತ ದೊಡ್ಡ ಆಜು. ಕೆರೆ ನೀರು ಮಧ್ಯಾಹ್ನ ಕಾಲಿಟ್ರೆ ಉಗುರುಬೆಚ್ಚಗೆ ಇರ್ತು. ಹಂಗಾರೆ ನಮ್ಮಲ್ಲಿ ಟ್ರೌಟ್ ಬತ್ತು ಹೇಳಿ ಆತಲ?

ಕುಮಟೆ ಕಡೆಯವ
ಸಿದ್ದಾಪುರದ ಮಾವಾ, ಉಗುರುಬೆಚ್ಚಗಿನ ನೀರಲ್ಲಿ ಒಂದು ವರ್ಷ ಬದುಕಿದೆ ಅನ್ನೋದೇ ಅದು ಟ್ರೌಟ್ ಅಲ್ಲ ಅನ್ನೋದಕ್ಕೆ ಸಾಕ್ಷಿ. ಬಾಲದ ಹತ್ರ ಆ ಪುಟ್ಟ ಮೆತ್ತನೆ ರೆಕ್ಕೆ ಉಂಟಾ ನೋಡಿ.

ಸಿದ್ದಾಪುರ ಅಡಕೆ
ಕೆಲ್ಸದವನ ಹತ್ರ ಗಾಳ ಹಾಕಿಸಿ ಒಂದು ಹಿಡಿಸಿ ಬಕೀಟಿಗೆ ಹಾಕಿ ನೋಡಿದಿ. ಇದ್ದು!! ಆ ಸಣ್ಣ ರೆಕ್ಕೆ ಇದ್ದು. ಈಗೆಂತ ಹೇಳ್ತೆ ತಮಾ?

ರಾವಸ್ ಫ್ರೈ ಕಾರವಾರ
ಪಾಪ್‌ಕಾರ್ನ್ ತಗೊಂಡು ಕೂತಿದ್ದೇನೆ

ಕುಮಟೆ ಕಡೆಯವ
ಒಂದು ನಿಮಿಷ. ಮೀನು ಉದ್ದಕ್ಕೆ ಬಂಗಡೆ ತರ ಉಂಟಾ ಅಥ್ವಾ ಪಾಂಪ್ಲೆಟ್ ತರ ಅಗಲಕ್ಕೆ ಚಪ್ಪಟೆ ಉಂಟಾ? ಮೈಮೇಲೆ ಕಪ್ಪು ಚುಕ್ಕಿ ಉಂಟಾ? ಹೊಟ್ಟೆ ಎಂತ ಬಣ್ಣ? ಬಾಯಿ ತೆಗೆದು ಹಲ್ಲು ನೋಡ್ಲಿಕ್ಕೆ ಹೇಳಿ, ಆದ್ರೆ ಬೆರಳು ಹಾಕ್ಬೇಡಿ ಅಂತ ಹೇಳಿ.

ಸಿದ್ದಾಪುರ ಅಡಕೆ
ಎಂಗೆ ಬಂಗಡೆಯೂ ಗೊತ್ತಿಲ್ಲೆ ಪಾಂಪ್ಲೆಟ್ಟೂ ಗೊತ್ತಿಲ್ಲೆ, ಆದ್ರೆ ಚಪ್ಪಟೆ ಇದ್ದು, ದೋಸೆ ಸಟ್ಟುಗದ ಹಾಂಗೆ. ಚುಕ್ಕಿ ಇಲ್ಲೆ. ಗಂಟಲಿಂದ ಹೊಟ್ಟೆ ತನಕ ಕೆಂಪು. ಅವ ಫೋನಲ್ಲಿ ರೇನ್‌ಬೋ ಅಂದ್ರೆ ಕೆಂಪು ಪಟ್ಟಿ ಇರ್ತು ಅಂದಿದ್ದ, ಅದ್ಕೆ ನಂಬಿದಿ. ಹಲ್ಲು ನೋಡಿ ಕೆಲ್ಸದವ ಹೆದ್ರಿದ್ದ, ಮನುಷ್ಯರ ಹಲ್ಲಿದ್ದಂಗೆ ಇದ್ದಡ.

ಕುಮಟೆ ಕಡೆಯವ
ರೂಪಚಂದ್! ಪಾಕು ಅಂತಾರೆ, ದಕ್ಷಿಣ ಅಮೆರಿಕದ್ದು, ಪಿರಾನಾ ಸಂಬಂಧಿ. ತಪ್ಪು ನಂದೇ, ಬರೀ ಆ ಮೆತ್ತನೆ ರೆಕ್ಕೆ ನೋಡಿ ಅಂದೆ, ಆ ರೆಕ್ಕೆ ರೂಪಚಂದಿಗೂ ಇರ್ತದೆ, ಕೆಲವು ಮೀಸೆ ಮೀನಿಗೂ ಇರ್ತದೆ. ಒಂದೇ ಗುರುತು ಹಿಡ್ಕೊಂಡು ಹೋದ್ರೆ ಹೀಗೇ ಆಗೋದು. ಟ್ರೌಟ್ ಅಂದ್ರೆ ಉದ್ದನೆ ಮೈ, ತೀರಾ ಸಣ್ಣ ಸಣ್ಣ ಹುರುಪೆ, ಬೆನ್ನು ಬಾಲದ ಮೇಲೆಲ್ಲ ಸಾಸಿವೆ ಚೆಲ್ಲಿದಂಗೆ ಕಪ್ಪು ಚುಕ್ಕಿ, ರೇನ್‌ಬೋ ಆದ್ರೆ ಕೆನ್ನೆಯಿಂದ ಬಾಲದ ತನಕ ಪಕ್ಕದಲ್ಲಿ ಗುಲಾಬಿ ಪಟ್ಟಿ. ಕೆಂಪು ಹೊಟ್ಟೆ ಅಲ್ಲ. ಮಾವಾ, ನಿಮ್ಗೆ ಟ್ರೌಟ್ ರೇಟಲ್ಲಿ ರೂಪಚಂದ್ ಕೊಟ್ಟಿದ್ದಾರೆ.

ಸಿದ್ದಾಪುರ ಅಡಕೆ
ಥೋ. ಆತು ಬಿಡು. ಮನೇಲಿ ಇವಳಿಗೆ ಹೇಂಗೆ ಹೇಳೋದು ಹೇಳಿ ಯೋಚನೆ.

ಅಮ್ಮನ ಕೈರುಚಿ ಹೊನ್ನಾವರ
ಟ್ರೌಟ್ ತಿಂದ ಅನುಭವ ನಾನು ಹೇಳ್ತೇನೆ. ಮಗಳು ಸ್ಕಾಟ್ಲೆಂಡಲ್ಲಿದ್ದಾಗ ಆರು ತಿಂಗಳು ಹೋಗಿದ್ದೆ. ಅಂಗಡೀಲಿ ಇಡೀ ಮೀನು ಸಿಗ್ತಿತ್ತು, ಕೆರೆದು ಕ್ಲೀನ್ ಮಾಡೋ ಕೆಲ್ಸಾನೇ ಇಲ್ಲ, ಹುರುಪೆ ಅಷ್ಟು ಸಣ್ಣದು. ಮೊದಲ್ನೇ ಸಲ ನಮ್ಮ ಬಂಗಡೆ ಹುಳಿ ತರ ಕಾಯಿ ರುಬ್ಬಿ ತೆಪ್ಪಳ ಜಜ್ಜಿ ಹಾಕಿ ಮಾಡಿದೆ, ಮೀನು ಕರಗಿ ಹುಳೀಲಿ ಸೇರಿಹೋಯ್ತು, ತೆಪ್ಪಳದ ವಾಸ್ನೆ ಬಿಟ್ರೆ ಬೇರೆ ಎಂತದೂ ಇಲ್ಲ. ಎರಡನೇ ಸಲ ಬುದ್ಧಿ ಬಂತು, ಬರೀ ಉಪ್ಪು, ಮುರುಗಲು ನೀರು, ಸ್ವಲ್ಪ ಮೆಣಸಿನ ಪುಡಿ ಹಚ್ಚಿ ರವೆ ಹಾಕಿ ಕಾವಲಿ ಮೇಲೆ ಹುರ್ದೆ, ಆಗ ಚೆನ್ನಾಗಿತ್ತು, ಮುಳ್ಳೂ ಕಮ್ಮಿ. ಆದ್ರೂ ನಿಜ ಹೇಳ್ಬೇಕಂದ್ರೆ ಸಮುದ್ರದ ಮೀನು ತಿಂದು ಬೆಳೆದ ಬಾಯಿಗೆ ಸಪ್ಪೆನೇ. ಮಾಂಸ ಒಂದೊಂದು ಸಲ ಗುಲಾಬಿ, ಒಂದೊಂದು ಸಲ ಬಿಳಿ, ಅದ್ಯಾಕೆ ಹಾಗೆ?

ಕುಮಟೆ ಕಡೆಯವ
ಅಕ್ಕಾ ಅದು ತಿಂದ ಮೇವಿನ ಮೇಲೆ. ಹೊಳೇಲಿ ಸೀಗಡಿ ಜಾತಿ ಸಣ್ಣ ಸಣ್ಣ ಹುಳ ತಿಂದದ್ದಕ್ಕೆ ಬಣ್ಣ ಬರ್ತದೆ, ಶೆಟ್ಲಿ ಬೇಯಿಸಿದಾಗ ಕೆಂಪಾಗೋದೂ ಅದೇ ಬಣ್ಣದಿಂದ. ಫಾರ್ಮಲ್ಲಿ ಮೇವಿಗೆ ಆ ಬಣ್ಣ ಬೆರೆಸ್ತಾರೆ, ಬೆರೆಸದೆ ಹೋದ್ರೆ ಬಿಳೀನೇ.

ಜೋಯ್ಡಾ ಕಾಡು
ಒಂದು ಡೌಟು. ನಮ್ಮ ಸೂಪಾ ಡ್ಯಾಮ್ ನೂರು ಮೀಟರ್ ಎತ್ತರ. ಅಷ್ಟು ಆಳದ ತಳದ ನೀರು ಫ್ರಿಜ್ ತರ ತಂಪು ಇರ್ಬೇಕಲ್ಲ? ಅಮೆರಿಕಾದಲ್ಲಿ ಡ್ಯಾಮ್ ಕೆಳಗೆ ಬಿಟ್ಟ ನೀರಲ್ಲಿ ಟ್ರೌಟ್ ಬೆಳೀತದೆ ಅಂತ ವಿಡಿಯೋದಲ್ಲಿ ನೋಡಿದೆ, ಅದೂ ಬಿಸಿ ಊರಲ್ಲಿ.

ಕುಮಟೆ ಕಡೆಯವ
ಒಳ್ಳೆ ಪ್ರಶ್ನೆ. ಆರ್ಕನ್ಸಾದ ವೈಟ್ ನದಿ ಇರ್ಬೇಕು ನೀವು ನೋಡಿದ್ದು, ಅಲ್ಲಿ ಡ್ಯಾಮ್ ಕೆಳಗೆ ದೊಡ್ಡ ದೊಡ್ಡ ಬ್ರೌನ್ ಸಿಗ್ತದೆ ಹೌದು. ಆದ್ರೆ ಅಲ್ಲಿ ಬೇಸಿಗೆ ಬಿಸಿ ಇದ್ರೂ ಚಳಿಗಾಲ ಅಂದ್ರೆ ನಿಜವಾದ ಚಳಿಗಾಲ. ಆಗ ತಣ್ಣಗಾದ ನೀರು ಭಾರ ಆಗಿ ತಳಕ್ಕೆ ಇಳಿದು ಕೂರ್ತದೆ, ಬೇಸಿಗೇಲಿ ಮೇಲೆ ಎಷ್ಟೇ ಕಾದ್ರೂ ತಳದ್ದು ತಂಪಾಗೇ ಇರ್ತದೆ. ಅಂದ್ರೆ ತಳದ ನೀರು ಆ ಊರಿನ ಚಳಿಗಾಲವನ್ನ ಡಬ್ಬಿಲಿ ತುಂಬಿಟ್ಟಂಗೆ. ನಮ್ಮ ಜೋಯ್ಡಾ ಚಳಿಗಾಲ ತುಂಬಿಟ್ರೆ ಎಷ್ಟಾಗ್ತದೆ? ಕೆರೆ ನೀರು 20ಕ್ಕಿಂತ ಕೆಳಗೆ ಇಳಿಯೋದೇ ಕಷ್ಟ. ಮೇಲಿಂದ, ನಮ್ಮ ಕಡೆ ಆಳದ ಡ್ಯಾಮಿನ ತಳದಲ್ಲಿ ಕಾಡಿನ ಎಲೆ ಮರ ಕೊಳೆತು ಆಕ್ಸಿಜನ್ ಖಾಲಿ ಆಗಿರ್ತದೆ.

ಆಕ್ಸಿಜನ್ ಲೆಕ್ಕನೂ ಹೇಳ್ತೆ, ಎಲ್ಲಾ ಕಥೆ ಅದ್ರಲ್ಲೇ ಇರೋದು. 10 ಡಿಗ್ರಿ ನೀರು ಲೀಟರಿಗೆ ಹೆಚ್ಚಂದ್ರೆ 11 ಮಿಲಿಗ್ರಾಂ ಚಿಲ್ಲರೆ ಆಕ್ಸಿಜನ್ ಹಿಡ್ಕೊಳ್ತದೆ, 25 ಡಿಗ್ರಿ ಆದ್ರೆ 8 ಚಿಲ್ಲರೆ. ನೀರು ಬಿಸಿ ಆದಂಗೆ ಅದ್ರಲ್ಲಿ ಗಾಳಿ ಕಮ್ಮಿ ಆಗ್ತದೆ, ಅದೇ ಹೊತ್ತಿಗೆ ಮೀನಿನ ಮೈ ಜೋರಾಗಿ ಓಡ್ಲಿಕ್ಕೆ ಶುರು ಆಗಿ ಜಾಸ್ತಿ ಗಾಳಿ ಕೇಳ್ತದೆ. ಸಂಬಳ ಕಮ್ಮಿ ಆದ ತಿಂಗಳೇ ಮನೇಲಿ ಮದ್ವೆ ಬಂದಂಗೆ. ನಮ್ಮ ಮುರುಗೋಡು, ಕಾಟ್ಲಾ, ರೂಪಚಂದೆಲ್ಲ ಅದ್ಕೆ ಹೊಂದ್ಕೊಂಡು ಹುಟ್ಟಿದ್ದು, ಟ್ರೌಟ್ ಹಾಗಲ್ಲ.

ಶಾಲ್ಮಲಾ ತೀರ
ಬದುಕ್ತದಾ ಇಲ್ವಾ ಅನ್ನೋದು ಒಂದು ಕಡೆ ಇರ್ಲಿ, ಬದುಕಿದ್ರೆ ಇನ್ನೂ ಕಷ್ಟ ಅಂತ ನನ್ನ ಅಭಿಪ್ರಾಯ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಅಂತ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ) ನವರು ಮಾಡಿದ್ದಾರಲ್ಲ ಅದ್ರಲ್ಲಿ ರೇನ್‌ಬೋ, ಬ್ರೌನ್ ಎರಡೂ ಇವೆ. ಹೊಸ ಹೊಳೆಗೆ ಬಿಟ್ರೆ ಅಲ್ಲಿಯ ಸಣ್ಣ ಮೀನು ಕಪ್ಪೆಮರಿ ಎಲ್ಲ ನುಂಗ್ತದೆ. ಮೀನು ನೋಡೋ ಆಸೆ ಇದ್ರೆ ನಮ್ಮ ಮಹಶೀರ್ ಇಲ್ವಾ, ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವಸ್ಥಾನದ ಮೀನು ಅಂತ ಯಾರೂ ಮುಟ್ಟಲ್ಲ, ಮಂಡಕ್ಕಿ ಹಾಕಿದ್ರೆ ನೀರೇ ಕುದ್ದಂಗೆ ಮೇಲೆ ಬರ್ತವೆ. ಪರದೇಶದ ಮೀನಿಗೆ ಯಾಕೆ ಇಷ್ಟು ಹಂಬಲ.

ಹಳೇ ಫೌಜಿ ಅಂಕೋಲಾ
ಒಪ್ತೇನೆ, ಆದ್ರೆ ಕುಲ್ಲು ಕಡೆಯ ಬಡವನ ಮನೆ ಆ ಪರದೇಶದ ಮೀನಿಂದಾನೇ ನಡೀತದೆ ಅದನ್ನೂ ನೋಡ್ಬೇಕು. ನಾವು ತಿನ್ನೋ ಮೆಣಸಿನಕಾಯಿ ಗೇರುಬೀಜ ಎಲ್ಲ ಪರದೇಶದ್ದೇ.

ಶಾಲ್ಮಲಾ ತೀರ
ಗೇರುಬೀಜ ಹೊಳೇಲಿ ಈಜ್ಕೊಂಡು ಹೋಗಿ ಬೇರೆ ಮರ ತಿನ್ನೋದಿಲ್ಲ ಸರ್ 🙂

ಕೆಳಗಿನಮನೆ ಶಿರಸಿ
ಥರ್ಮಾಮೀಟರ್ ಬಂತು. ಮೂರು ದಿನ ನೋಡಿದೆ, ಮಗಳು ಪುಸ್ತಕದಲ್ಲಿ ಬರ್ದಿಟ್ಟಿದ್ದಾಳೆ. ಹಳ್ಳ ಬೆಳಿಗ್ಗೆ 6ಕ್ಕೆ 24, ಮಧ್ಯಾಹ್ನ 3ಕ್ಕೆ 27. ಬಾವಿ ನೀರು ಬಕೀಟಲ್ಲಿ ಎಳೆದ ತಕ್ಷಣ ನೋಡಿದ್ರೆ ಬೆಳಿಗ್ಗೆನೂ 24 ಚಿಲ್ಲರೆ, ಮಧ್ಯಾಹ್ನವೂ 24 ಚಿಲ್ಲರೆ, ಕದಲ್ಲೇ ಇಲ್ಲ. ಇದು ಮೇ ತಿಂಗಳು ಅಂತ ಒಪ್ಪಿದ್ರೂ ಡಿಸೆಂಬರಲ್ಲಿ ಕೈ ಮರಗಟ್ಟೋದು ಸುಳ್ಳಾ ಹಾಗಾದ್ರೆ?

ಕುಮಟೆ ಕಡೆಯವ
ಸುಳ್ಳಲ್ಲ, ಕೈಗೆ ಅಷ್ಟೇ ಗೊತ್ತಾಗೋದು. 20 ಡಿಗ್ರಿ ನೀರು 37 ಡಿಗ್ರಿ ಮೈಗೆ ತಣ್ಣಗೇ, ಗಾಳಿಗಿಂತ ನೀರು ಎಷ್ಟೋ ಪಟ್ಟು ಬೇಗ ಮೈಯಿಂದ ಬಿಸಿ ಎಳ್ಕೊಳ್ತದೆ. ಚಳಿಗಾಲದ ಬೆಳಿಗ್ಗೆ ನಿಮ್ಮ ಬಾವಿಯಿಂದ ಹಬೆ ಏಳೋದು ನೋಡಿಲ್ವಾ? ನೀರು ಗಾಳಿಗಿಂತ ಬೆಚ್ಚಗಿದೆ ಅಂತ ಅದ್ರರ್ಥ. ಬಾವಿ ನೋಡಿ ಅಂದದ್ದು ಇದ್ಕೇ. ನೆಲದೊಳಗಿನ ನೀರು ಸರಿಸುಮಾರು ಆ ಊರಿನ ಇಡೀ ವರ್ಷದ ಸರಾಸರಿ ಬಿಸಿ ಎಷ್ಟೋ ಅಷ್ಟಿರ್ತದೆ, ಬೇಸಿಗೆಗೂ ಚಳಿಗೂ ಜಾಸ್ತಿ ಕದಲೋದಿಲ್ಲ. ಊಟಿಯಲ್ಲಿ ಅದು 14–15 ಆಸುಪಾಸು, ಶಿರಸೀಲಿ 24. ನಿಮ್ಮ ಹಳ್ಳಕ್ಕೆ ಬರೋದು ಆ ಒರತೆ ನೀರೇ. ತೀರ್ಥನ್‌ಗೆ ಬರೋದು ಹಿಮ ಕರಗಿದ ನೀರು.

ರಾವಸ್ ಫ್ರೈ ಕಾರವಾರ
ಎಸಿ ತರ ಚಿಲ್ಲರ್ ಹಾಕಿ ಟ್ಯಾಂಕಲ್ಲಿ ಸಾಕಿದ್ರೆ? ಹೈದರಾಬಾದ್ ಹತ್ರ ಮಾಡ್ತಾ ಇದ್ದಾರೆ ಅಂತ ನ್ಯೂಸಲ್ಲಿ ಬಂದಿತ್ತು.

ಕುಮಟೆ ಕಡೆಯವ
ಹೌದು, ಅದೇ ನೀರನ್ನ ಸೋಸಿ ಸೋಸಿ ತಂಪು ಮಾಡಿ ತಿರುಗಿಸ್ತಾರೆ, ಆರ್‌ಎಎಸ್ ಅಂತಾರೆ. ಆಗೋದೇ ಇಲ್ಲ ಅಂತಲ್ಲ. ಆದ್ರೆ ಅದು ಕೋಟಿ ಹಾಕೋರ ಆಟ. ಚಿಲ್ಲರ್, ಪಂಪು, ಆಕ್ಸಿಜನ್ ಎಲ್ಲ 24 ಗಂಟೆ ಓಡ್ಬೇಕು. ಶಿರಸಿ ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಕರೆಂಟ್ ಯಾವಾಗ ಬರ್ತದೆ ಅಂತ ನಿಮ್ಗೇ ಗೊತ್ತು, ಒತ್ತಾಗಿ ತುಂಬಿದ ಟ್ಯಾಂಕಲ್ಲಿ ಪಂಪು ನಿಂತ್ರೆ ಮೀನು ಬೆಳಗಾಗೋದನ್ನ ಕಾಯೋದಿಲ್ಲ.

ಕೆಳಗಿನಮನೆ ಶಿರಸಿ
ಆ ಮನುಷ್ಯನಿಗೆ ಫೋನ್ ಮಾಡಿ ನಿಮ್ಮ ಟ್ರೌಟ್ 24 ಡಿಗ್ರೀಲಿ ಮೊಟ್ಟೆ ಇಡ್ತದಾ ಕೇಳಿದೆ. "ನಮ್ದು ಹೈಬ್ರಿಡ್ ಸರ್" ಅಂದ. ಚುಕ್ಕಿ ಉಂಟಾ ಕೇಳಿದೆ, ಕಟ್ ಮಾಡಿದ. ಅಡ್ವಾನ್ಸ್ ಉಳೀತು, ಎಲ್ಲರಿಗೂ ಥ್ಯಾಂಕ್ಸ್. ಮಾಣಿಗೆ ಹೇಳಿದೆ, ಟ್ರೌಟ್ ಬೇಕಾದ್ರೆ ಮುಂದಿನ ದಸರಾ ತನಕ ಕಾಯಿ ಅಂತ.

ಥರ್ಮಾಮೀಟರ್ ಹಿಡ್ಕೊಂಡು ಮೂರು ದಿನ ಹಳ್ಳದ ಹತ್ರ ಕೂತದ್ರಲ್ಲಿ ಒಂದು ಕಂಡ್ತು. ಕಲ್ಲಿನ ಸಂದೀಲಿ ಬೆರಳುದ್ದದ ಮೀನು, ಬೆನ್ನ ಮೇಲೆ ಅಡ್ಡಡ್ಡ ಪಟ್ಟೆ, ನೀರು ರಭಸ ಇದ್ದಲ್ಲೇ ಕಲ್ಲಿಗೆ ಕಚ್ಚಿ ಕೂತಿರ್ತವೆ, ನೆರಳು ಬಿದ್ರೆ ಮಾಯ. ಐವತ್ತು ವರ್ಷದಿಂದ ಅದೇ ಹಳ್ಳ ದಾಟ್ತಾ ಇದ್ದೇನೆ, ನೋಡೇ ಇರ್ಲಿಲ್ಲ. ಅದೆಂತ ಮೀನು?

ಶಾಲ್ಮಲಾ ತೀರ
ಫೋಟೋ ಹಾಕಿ ಸರ್, ದಯವಿಟ್ಟು. ಕಲ್ಲು ಎತ್ತಬೇಡಿ, ಪಕ್ಕದಿಂದ ತೆಗೀರಿ.

ಸಿದ್ದಾಪುರ ಅಡಕೆ
ನಂದೊಂದು ಕಡೇ ಪ್ರಶ್ನೆ. ಈ ರೂಪಚಂದಿಗೆ ಹಲಸಿನ ಹಣ್ಣು ಹಾಕ್ಲಕ್ಕಾ? ನಿನ್ನೆ ಕೆರೆ ದಂಡೆಯ ಮರದಿಂದ ಹಣ್ಣೊಂದು ನೀರಿಗೆ ಬಿದ್ದು ಒಡೀತು, ಎಲ್ಲಾ ಸೇರಿ ಐದು ನಿಮಿಷದಲ್ಲಿ ತೊಳೆ ಖಾಲಿ ಮಾಡಿದ್ದೊ.

ಕುಮಟೆ ಕಡೆಯವ
ಧಾರಾಳ ಹಾಕಿ, ಅವುಗಳ ಊರಲ್ಲೂ ಹೊಳೆಗೆ ಬಿದ್ದ ಹಣ್ಣು ಬೀಜ ತಿಂದೇ ಬೆಳೆಯೋದು, ಆ ಹಲ್ಲು ಇರೋದೇ ಅದ್ಕೆ. ಆದ್ರೆ ಮಾವಾ ಒಂದು ಕೆಲ್ಸ ಜೂನ್‌ಗೆ ಮುಂಚೆ ಮಾಡಿ. ನಿಮ್ಮ ಕೆರೆ ಕೋಡಿ ನೀರು ಎಲ್ಲಿಗೆ ಹೋಗ್ತದೆ?

ಸಿದ್ದಾಪುರ ಅಡಕೆ
ಕೆಳಗಿನ ಹಳ್ಳಕ್ಕೆ. ಅಲ್ಲಿಂದ ಅಘನಾಶಿನಿಗೆ.

ಕುಮಟೆ ಕಡೆಯವ
ಹಾಗಾದ್ರೆ ಕೋಡಿಗೆ ಎರಡು ಪದರ ಬಲೆ ಕಟ್ಟಿ, ಕಲ್ಲು ಹೇರಿ. ಮೊದಲ ಜೋರು ಮಳೆಗೇ ಇವು ಹೊರಡ್ತವೆ. ಹಳೇ ಬಲೆ ನಮ್ಮ ಮನೇಲಿ ಉಂಟು, ರವಿವಾರ ಬಸ್ಸಲ್ಲಿ ಕಳಿಸ್ತೆ.